ಹಸಿರು ಗಿಟಾರಿನ ಬೆಲೆ

ಬೇರೆಯವರ ಆಸೆಯನ್ನು ಒಂದಿಷ್ಟು ಕಡಿಮೆ ಮಾಡಿ ಕಳಿಸುವುದೇ ನನ್ನ ಉದ್ಯೋಗ. ಶಿವಮೊಗ್ಗದ ಒಂದು ಸಹಕಾರಿ ಬ್ಯಾಂಕಿನಲ್ಲಿ ಅಡವಿಡಲು ತಂದ ಒಡವೆ ಪರೀಕ್ಷಿಸುತ್ತೇನೆ. ಸರ ತಂದವರು ಅದರ ಕೆಂಪು ಹರಳನ್ನು ಹೆಮ್ಮೆಯಿಂದ ತೋರಿಸಿದರೆ, ನಾನು ಹರಳನ್ನೂ ಒಳಗಿನ ಅರಗನ್ನೂ ಕಳೆದು ಉಳಿದದ್ದಕ್ಕೆ ಮಾತ್ರ ಬೆಲೆ ಹೇಳುತ್ತೇನೆ. ಅವರ ಮುಖ ಬಾಡುತ್ತದೆ, ನಾನು ಮುಂದಿನವರನ್ನು ಕರೆಯುತ್ತೇನೆ. ಆ ಬಾಡಿದ ಮುಖ ನನಗೂ ಒಮ್ಮೆ ಬಂತು. ತಂದುಕೊಟ್ಟವರು ಒಬ್ಬ ಹಲ್ಲಿನ ಡಾಕ್ಟರು, ಕಾರಣ ಒಂದು ಗಿಟಾರು.

ಭದ್ರಾವತಿಗೆ ಯಂತ್ರ ಕೂರಿಸಲು ಬಂದಿದ್ದ ಯಾರೋ ವಿದೇಶಿ ಎಂಜಿನಿಯರು ಆ ಎಲೆಕ್ಟ್ರಿಕ್ ಗಿಟಾರನ್ನು ಹೋಗುವಾಗ ಫಿಟ್ಟರ್ ಸೆಲ್ವರಾಜಣ್ಣನಿಗೆ ಕೊಟ್ಟುಹೋಗಿದ್ದರಂತೆ. ಸೆಲ್ವರಾಜಣ್ಣ ಹಗಲು ಕಾರ್ಖಾನೆಯಲ್ಲಿ, ಸಂಜೆ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾದಲ್ಲಿ ದುಡಿದವರು. ಅದೇ ಆರ್ಕೆಸ್ಟ್ರಾದಲ್ಲಿ ನಾನು ಮೂರೇ ಸ್ವರಗುಚ್ಛ ಬಲ್ಲ ಎರಡನೇ ಗಿಟಾರಿನವನು. ನನ್ನ ಆಂಪ್ಲಿಫೈಯರಿನ ದನಿಯನ್ನು ಅವರು ಪ್ರತಿ ಹಾಡಿಗೂ ಮೆಲ್ಲಗೆ ತಗ್ಗಿಸುತ್ತಿದ್ದರೆಂದು ತಿಳಿದದ್ದು ಬಹಳ ತಡವಾಗಿ. ಆರ್ಕೆಸ್ಟ್ರಾ ಮುಚ್ಚಿದಾಗ ಗಿಟಾರನ್ನು ನನಗೇ ಕೊಟ್ಟರು. ಇನ್ನು ಯಾರ ಕಿವಿಗೂ ಅಪಾಯವಿಲ್ಲ ಎಂದುಕೊಂಡಿರಬೇಕು.

ಅಷ್ಟರಲ್ಲಿ ಅದು ಎಂಜಿನಿಯರು ಬಿಟ್ಟುಹೋದ ಗಿಟಾರಾಗಿ ಉಳಿದಿರಲಿಲ್ಲ. ಭದ್ರಾವತಿಯ ಕೆಲಸಗಾರರ ಒಂದು ಗುಣ ನಿಮಗೂ ಗೊತ್ತಿರಬಹುದು. ಅಂಗಡಿಯಿಂದ ಬಂದ ಯಾವ ವಸ್ತುವನ್ನೂ ಅವರು ಕೆಲಸ ಮುಗಿದ ವಸ್ತುವೆಂದು ಒಪ್ಪುವುದಿಲ್ಲ. ಹೊಸ ಇಡ್ಲಿ ಪಾತ್ರೆಗೂ ಬಂದ ದಿನವೇ ಇನ್ನೊಂದು ಗಟ್ಟಿ ಹಿಡಿ ಕೂರಿಸುತ್ತಾರೆ. ಗಿಟಾರಿನ ತಂತಿಗಳನ್ನು ಹೊರುವ ಬ್ರಿಡ್ಜನ್ನು, ಅಂದರೆ ವೀಣೆಯವರು ಕುದುರೆ ಎನ್ನುವ ಭಾಗವನ್ನು, ಸೆಲ್ವರಾಜಣ್ಣ ಕಿತ್ತು ತಾವೇ ಲೇತಿನಲ್ಲಿ ಉಕ್ಕಿನದೊಂದನ್ನು ಮಾಡಿ ಹಾಕಿದ್ದರು. ತಂತಿಯ ದನಿ ಹಿಡಿಯುವ ಒಳಗಿನ ಕಾಯಿಲನ್ನು ಪಂಪ್‌ಸೆಟ್ ಮೋಟಾರು ಸುತ್ತುವವನಿಂದ ಹೊಸದಾಗಿ ಸುತ್ತಿಸಿದ್ದರು. ತಿರುಗಿಸುವ ಗುಂಡಿಗಳು ಹಳೇ ರೇಡಿಯೋದವು. ಮೈಗೆ ಯಂತ್ರಗಳಿಗೆ ಬಳಿಯುವ ಹಸಿರು ಬಣ್ಣ. ಅದೇ ಹಸಿರು ಅವರ ಮನೆಯ ಗೇಟಿಗೂ ಮಂಚಕ್ಕೂ ಇತ್ತು.

ಊರಿಗೆ ಸೈಬರ್ ಸೆಂಟರುಗಳು ಬಂದ ಹೊಸತರಲ್ಲಿ, ರವೀಂದ್ರನಗರದ ನಮ್ಮ ಬೀದಿಯಲ್ಲಿ ಈ ಡಾಕ್ಟರು ಕ್ಲಿನಿಕ್ ತೆರೆದರು. ಅವರಿಗೆ ಹಳೇ ಗಿಟಾರು ಕೂಡಿಡುವ ಹುಚ್ಚು. ಮನೆಯ ಗೋಡೆಯ ಮೇಲೆ ಹನ್ನೊಂದು ನೇತಾಡುತ್ತಿದ್ದವು. ನನಗೋ ಸ್ಕೂಟರಿನ ಹುಚ್ಚು. ನನ್ನ ಮೊಪೆಡ್ಡು ಏರು ಬಂದಲ್ಲೆಲ್ಲ ಹೆಂಡತಿಯನ್ನು ಇಳಿಸಿ ನಡೆಸುತ್ತಿತ್ತು, ಮತ್ತು ಅವಳು ನಡೆದಷ್ಟೂ ಹೊತ್ತು ಮಾತಾಡುತ್ತಿದ್ದಳು. ಹಸಿರು ಗಿಟಾರನ್ನು ಹೊತ್ತುಕೊಂಡು ಡಾಕ್ಟರ ಮನೆಗೆ ಹೋದೆ.

ಅವರು ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನೇ ಗಿಟಾರಿನ ಹೊಟ್ಟೆಗಿಟ್ಟು, ಟಾರ್ಚು ಬಿಟ್ಟು, ನಿಟ್ಟುಸಿರಿಡುತ್ತ ಹೋದರು. ಮೂಲ ಬಣ್ಣ ಎದ್ದುಹೋಗುತ್ತಿದ್ದರೂ ಅದೇ ಇರಬೇಕಂತೆ, ಮೇಲೆ ಬಳಿದರೆ ಅರ್ಧ ಬೆಲೆ ಅಲ್ಲೇ ಹೋಯಿತಂತೆ. ಬೆಸುಗೆಯನ್ನು ಯಾರಾದರೂ ಮುಟ್ಟಿದ್ದರೆ ನೋಡಿದ ಕೂಡಲೇ ತಿಳಿಯುತ್ತದಂತೆ. ಹೊಸದಾಗಿ ಕೊರೆದ ತೂತು ಎಂದೂ ಮುಚ್ಚಿಹೋಗುವುದಿಲ್ಲವಂತೆ. ಒಂದೊಂದನ್ನೇ ಕಳೆಯುತ್ತಿದ್ದರು, ಥೇಟ್ ನಾನು ಹರಳು ಕಳೆಯುವ ಹಾಗೆ. ಆದರೂ ಅಪರೂಪದ ಮಾಲು, ಬ್ರಿಡ್ಜು ಬಿಚ್ಚಿ ಮತ್ತೆ ಕೂರಿಸುವಂಥದ್ದು, ಹಳೆಯದು ಎಲ್ಲಾದರೂ ಉಳಿದಿದ್ದರೆ ದಾರಿಯಿದೆ ಎಂದರು.

“ಒರಿಜಿನಲ್ ಬ್ರಿಡ್ಜ್ ಒಂದು ತಂದ್ಬಿಡಿ ಸಾರ್, ನಾನೇ ತಗೋತೀನಿ.”

ಹೇಳಿದ ಬೆಲೆಗೆ ಸ್ಕೂಟರು ಬರುತ್ತಿತ್ತು.

ಮನೆಗೆ ಬರುವಾಗ ಸಿಟ್ಟು ಬಂತು. ವೀಣೆಗೆ ಹೊಸ ಮೇಣ ಹಾಕಿ, ಮೆಟ್ಟಿಲುಗಳನ್ನು ಹೊಸದಾಗಿ ಕೂರಿಸಿ ಮೇಳ ಕಟ್ಟಿಸಿದರೆ ಬೆಲೆ ಬಿತ್ತೆಂದು ಯಾರೂ ಅನ್ನುವುದಿಲ್ಲ. ಕಟ್ಟಿದವನನ್ನು ಕೂರಿಸಿ ಊಟ ಹಾಕುತ್ತಾರೆ. ಹೀಗೆಲ್ಲ ಮನಸ್ಸಿನಲ್ಲೇ ಭಾಷಣ ಮಾಡಿದೆ. ಆಮೇಲೆ ಭಾನುವಾರ ಗಿಟಾರು ಹಿಡಿದು ಭದ್ರಾವತಿ ಬಸ್ಸು ಹತ್ತಿದೆ. ಮಲವಗೊಪ್ಪ ದಾಟುವವರೆಗೆ ಒಂದು ಒಳ್ಳೆಯ ಸುಳ್ಳು ಹುಡುಕಿದೆ, ಸಿಗಲಿಲ್ಲ.

ಓಲ್ಡ್ ಟೌನಿನ ಮನೆಯ ಜಗಲಿಯಲ್ಲಿ ಸೆಲ್ವರಾಜಣ್ಣ ಎಲ್ಲವನ್ನೂ ಕೇಳಿಸಿಕೊಂಡರು. ಒಳಗೆ ಹೋಗಿ ಗಾಜಿನ ಬಾಟಲಿಯೊಂದನ್ನು ತಂದು ಸುರಿದರು. ತಿರುಪು, ವಾಷರುಗಳ ನಡುವೆ ಹಳೇ ಬ್ರಿಡ್ಜು ಫಳಕ್ಕನೆ ಹೊಳೆಯಿತು.

“ಹಂಗಾರೆ ನಂದು ಬೇಡ್ವಾ ಅವರಿಗೆ?” ಎಂದರು.

ನನಗೆ ನಿಜಕ್ಕೂ ನಾಚಿಕೆಯಾಯಿತು. ಅವರು ತಮ್ಮ ಉಕ್ಕಿನ ಬ್ರಿಡ್ಜನ್ನು ಬಿಚ್ಚಿ, ಪಂಚೆಯ ತುದಿಯಲ್ಲಿ ಒರೆಸಿ ಬಾಟಲಿಗೆ ಹಾಕಿದರು. ಹಳೆಯದನ್ನು ಕೂರಿಸಿದರು. ಬೇರೆ ಯಾರಾದರೂ ಹಾಕಿದರೆ ಮರ ಸೀಳಿಬಿಡುತ್ತದೆಂಬ ಕಾಳಜಿ ಬೇರೆ. ಅವರ ಹೆಂಡತಿ ಕಾಫಿಗೆ ಕರೆದರೆಂದು ನಾನು ಒಳಗೆ ಹೋದೆ.

ಲೋಟ ಹಿಡಿದು ಬಾಗಿಲಿಗೆ ಬಂದು ನೋಡುತ್ತೇನೆ, ಸೆಲ್ವರಾಜಣ್ಣನ ಕೈಯಲ್ಲಿ ಲೋಹ ಉಜ್ಜುವ ಅರ ಇದೆ. ಒರಿಜಿನಲ್ ಬ್ರಿಡ್ಜು ಮತ್ತೆ ಹೊರಗೆ ಬಂದು ಅವರ ಹೆಬ್ಬೆರಳಿನ ಕೆಳಗೆ ಕೂತಿದೆ.

“ಮೂರನೇ ತಂತಿ ಶ್ರುತಿ ನಿಲ್ತಾ ಇಲ್ಲ ಮಾರಾಯಾ,” ಎಂದರು ತಲೆಯೆತ್ತದೆ. “ಹಿಂಗೇ ಕೊಟ್ಟು ಕಳಿಸಿದ್ರೆ ನಂಗೆ ನಿದ್ದೆ ಬರಲ್ಲ.”

ತಡೆಯಬಹುದಿತ್ತು. ಸಾಕು ಅಣ್ಣಾ ಎಂಬ ಎರಡು ಪದ ಸಾಕಿತ್ತು. ಅರ ಒಮ್ಮೆ ಎಳೆದರು, ನನ್ನ ಸ್ಕೂಟರಿನ ಮುಂದಿನ ಚಕ್ರ ಹೋಯಿತು. ಇನ್ನೊಮ್ಮೆ ಎಳೆದರು, ಹೆಂಡತಿ ಕೂರುವ ಹಿಂದಿನ ಸೀಟೂ ಹೋಯಿತು. ನಾನು ಕಾಫಿ ಕುಡಿಯುತ್ತ ನಿಂತೆ. ಅಷ್ಟು ಹೊತ್ತು ಬಾಡಿದ್ದ ಆ ಮುಖ ಈಗ ಕೆಲಸದಲ್ಲಿ ಮುಳುಗಿ ಗೆಲುವಾಗಿತ್ತು, ಅದನ್ನು ಕೆಡಿಸುವ ಧೈರ್ಯ ನನಗಾಗಲಿಲ್ಲ. ಮುಗಿಸಿ ಒಂದು ಹಳೇ ಹಾಡು ಬಾರಿಸಿದರು. ಶ್ರುತಿ ಕೂದಲೆಳೆಯಷ್ಟೂ ಜಾರಲಿಲ್ಲ.

ಡಾಕ್ಟರು ಕನ್ನಡಿ ಹಿಡಿದು ಅರದ ಗೆರೆಗಳನ್ನು ಕಂಡಾಗ, ಅವರಿಗೇ ಹಲ್ಲು ನೋವು ಬಂದಂತಾಯಿತು. ಇನ್ನು ಇದರಲ್ಲಿ ಒರಿಜಿನಲ್ ಅನ್ನುವುದು ಏನೂ ಉಳಿದಿಲ್ಲ, ಕ್ಷಮಿಸಿ ಎಂದರು. ಗಿಟಾರನ್ನು ವಾಪಸು ಕೊಡುವ ಮೊದಲು ಸುಮ್ಮನೆ ತಂತಿ ಮೀಟಿದರು. ಮತ್ತೊಮ್ಮೆ ಮೀಟಿದರು. ಅರ್ಧ ಗಂಟೆ ಕೊಡಲೇ ಇಲ್ಲ. ಆಮೇಲೆ ಗೋಡೆಯ ಮೇಲಿನ ಹನ್ನೊಂದನ್ನೂ ಒಮ್ಮೆ ನೋಡಿ, ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿ ಇದಕ್ಕೆ ಅರ ಹಾಕಿದ ಆ ಫಿಟ್ಟರ್ ನಮ್ಮನೆಗೆ ಬರ್ತಾರಾ ಎಂದು ವಿಚಾರಿಸಿದರು.

ಆಮೇಲೆ ಸೆಲ್ವರಾಜಣ್ಣ ಭಾನುವಾರಗಳಲ್ಲಿ ಅರ ಹಿಡಿದು ರವೀಂದ್ರನಗರಕ್ಕೆ ಬರತೊಡಗಿದರು. ವರ್ಷ ತುಂಬುವುದರೊಳಗೆ ಹನ್ನೊಂದರಲ್ಲಿ ಏಳರ ಬೆಲೆ ಬಿದ್ದುಹೋಯಿತು. ಆ ಏಳನ್ನು ಡಾಕ್ಟರು ದಿನಾ ನುಡಿಸುತ್ತಾರೆ.