ಪರೋಟದ ಹಿಟ್ಟು ಮತ್ತು ಎಂಟು ಸಿಲಿಂಡರು

ತೊಂಬತ್ತರ ದಶಕದ ನಡುವಿನಲ್ಲಿ ನಾನು ದೋಹಾಕ್ಕೆ ಹೋದದ್ದು ಲಾರಿ ರಿಪೇರಿಗೆ. ಅಲ್ಲಿ ಮಾಡಿದ್ದು ಒಬ್ಬ ಮನುಷ್ಯನ ಹಟದ ರಿಪೇರಿ. ನಾವು ಅರ್ಬಾಬ್ ಎಂದು ಕರೆಯುತ್ತಿದ್ದ ನಮ್ಮ ಗ್ಯಾರೇಜಿನ ಕತಾರಿ ಮಾಲೀಕನಿಗೆ ತಂದೆಯ ಕಾಲದ ಒಂದು ಅಮೆರಿಕನ್ ಕಾರಿತ್ತು. ಎಂಟು ಸಿಲಿಂಡರು, ಎರಡೇ ಬಾಗಿಲು, ದೋಣಿಯಷ್ಟು ಉದ್ದ. ಅದಕ್ಕೆ ಹತ್ತಿಬಟ್ಟೆಯ ಹೊದಿಕೆ, ನೆರಳು, ಪ್ರತ್ಯೇಕ ಫ್ಯಾನು ಎಲ್ಲ ಇತ್ತು. ನಜ್ಮಾ ಬಡಾವಣೆಯ ನಮ್ಮ ಕೋಣೆಯಲ್ಲಿ ಆರು ಜನರಿಗೆ ಸೇರಿ ಒಂದು ಫ್ಯಾನು. ಆ ಕಾರನ್ನು ಕಂಡರೆ ನನಗೆ ಗೌರವ ಹುಟ್ಟದೆ ಇನ್ನೇನಾದೀತು?

ಅರ್ಬಾಬ್ ಎಲ್ಲಿಂದಲೋ ಒಂದು ಅಮೆರಿಕನ್ ಕಾರಿನ ಪತ್ರಿಕೆ ತರಿಸಿ, ಚಿತ್ರಗಳನ್ನು ನೋಡಿ ಪಂಡಿತನಾಗಿದ್ದ. ಇಂಜಿನನ್ನು ಸ್ಟ್ರೋಕರ್ ಮಾಡಬೇಕು ಎಂದ. ಅಂದರೆ ಒಳಗಿನ ಕ್ರ್ಯಾಂಕ್ ತೆಗೆದು, ಪಿಸ್ಟನ್ನುಗಳನ್ನು ಇನ್ನಷ್ಟು ಮೇಲೆ ಕೆಳಗೆ ಓಡಿಸುವ ಬೇರೆ ಕ್ರ್ಯಾಂಕ್ ಕೂರಿಸುವುದು. ಹೊರಗಿನಿಂದ ಅದೇ ಇಂಜಿನ್, ಒಳಗೆ ಹಸಿವು ಹೆಚ್ಚು, ಬಲವೂ ಹೆಚ್ಚು. ಅವನ ಷರತ್ತು ಒಂದೇ. ಬೇಸಗೆಯ ಮಧ್ಯಾಹ್ನ, ಎಸಿ ಹಾಕಿಕೊಂಡು, ದೋಹಾದ ಹೊರಗೆ ಉಮ್ಮ್ ಸಲಾಲಿನಲ್ಲಿದ್ದ ತನ್ನ ಅಣ್ಣನ ಮನೆಗೆ ಹೋಗಿ ಬರಬೇಕು, ನಡುವೆ ಎಲ್ಲಿಯೂ ನಿಲ್ಲಬಾರದು. ಅಣ್ಣ ಹಿಂದೊಮ್ಮೆ ಈ ಕಾರನ್ನು ನೋಡಿ ನಕ್ಕಿದ್ದನಂತೆ. ಇಷ್ಟು ದೊಡ್ಡ ಇಂಜಿನಿಗೆ ಕಾರಣ ಇಷ್ಟೇ.

ನನ್ನ ಕಾರಣ ಬೇರೆ. ನಾನು ಊರು ಬಿಟ್ಟಾಗ ಹೆಂಡತಿ ಬಸುರಿ. ಮಗಳಿಗೆ ಈಗ ಒಂಬತ್ತು ತಿಂಗಳಾಗುತ್ತಾ ಬಂದಿತ್ತು, ನಾನು ನೋಡಿದ್ದು ಎರಡು ಫೋಟೋ. ಅವಳು ನಡೆಯಲು ಕಲಿಯುವ ಮೊದಲು ಮನೆ ಮುಟ್ಟಬೇಕೆಂದು ನನಗೆ ಹುಚ್ಚು ಹಿಡಿದಿತ್ತು. ಆದರೆ ಅರ್ಬಾಬನ ಸಹಿ ಇಲ್ಲದೆ ಆ ದೇಶದಿಂದ ಹೊರಗೆ ಕಾಲಿಡುವಂತಿಲ್ಲ. ಅವನು ತನ್ನ ಹಿಂದಿಯಲ್ಲಿ ತೀರ್ಪು ಕೊಟ್ಟ: "ಪೆಹಲೇ ಇಂಜಿನ್, ಬಾದ್ ಮೇ ಛುಟ್ಟಿ. ಯಲ್ಲಾ!" ಮೊದಲು ಇಂಜಿನ್, ರಜೆ ಆಮೇಲೆ, ನಡೆ.

ನಾನು ಒಂದು ರಟ್ಟಿನ ಮೇಲೆ ಯೋಜನೆ ಬರೆದೆ. ಮೇಲೆ ದೊಡ್ಡ ಅಕ್ಷರದಲ್ಲಿ 'ನಂಬಿಕೆಯ ಇಂಜಿನ್' ಎಂದು ಕನ್ನಡದಲ್ಲೇ ಬರೆದಿದ್ದೆ, ಯಾರೂ ಓದಲಾರರೆಂಬ ಧೈರ್ಯ. ಕೆಳಗೆ ದೊಡ್ಡ ರೇಡಿಯೇಟರ್, ಒಳ್ಳೆಯ ಆಯಿಲ್ ಪಂಪ್, ಸಾಧು ಸ್ವಭಾವದ ಕ್ಯಾಮ್. ವಾಲ್ವುಗಳನ್ನು ಎಷ್ಟು ತೆರೆಯಬೇಕೆಂದು ತೀರ್ಮಾನಿಸುವುದು ಈ ಕ್ಯಾಮ್. ಅರ್ಬಾಬ್ ಎಲ್ಲಕ್ಕೂ ತಲೆಯಾಡಿಸಿ, ಕ್ಯಾಮ್ ಮಾತ್ರ ಪತ್ರಿಕೆಯಲ್ಲಿದ್ದ ರಾಕ್ಷಸನೇ ಆಗಬೇಕು ಎಂದ. ನಿಂತಲ್ಲೇ ಕಾರು ಗಡಗಡ ನಡುಗಬೇಕಂತೆ. ಚಳಿಜ್ವರ ಬಂದವರ ಹಾಗೆ ನಡುಗುವ ಕಾರನ್ನು ನಂಬುವುದು ಹೇಗೆ ಎಂದು ನಾನು ಕೇಳಲಿಲ್ಲ. ಸಹಿ ಅವನ ಕೈಯಲ್ಲಿತ್ತು.

ಕ್ಯಾಮ್ ರಾಕ್ಷಸನಾದರೆ ವಾಲ್ವು ಆಳಕ್ಕೆ ಇಳಿಯುತ್ತದೆ, ಪಿಸ್ಟನ್ನಿಗೆ ಬಡಿಯುವ ಭಯ. ಅದನ್ನು ಪರೀಕ್ಷಿಸುವುದಕ್ಕೆ ಪಿಸ್ಟನ್ನಿನ ತಲೆಯ ಮೇಲೆ ಮಕ್ಕಳ ಆಟದ ಜೇಡಿಮಣ್ಣು ಮೆತ್ತಿ, ವಾಲ್ವುಗಳಿರುವ ಮೇಲಿನ ಮುಚ್ಚಳ, ಅಂದರೆ ಹೆಡ್ ಕೂರಿಸಿ, ಇಂಜಿನನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಬೇಕು. ಬಿಚ್ಚಿದಾಗ ಒತ್ತಿಹೋದ ಮಣ್ಣಿನ ದಪ್ಪವೇ ನಡುವಿನ ಅಂತರ. ಎರಡೂವರೆ ಮಿಲಿಮೀಟರ್ ಇದ್ದರೆ ಕ್ಷೇಮ.

ಅಂದು ಶುಕ್ರವಾರ. ಬೆಳಿಗ್ಗೆ ಜೇಡಿಮಣ್ಣು ಸಿಗುವ ಅಂಗಡಿಗಳೆಲ್ಲ ಬಂದ್, ಅರ್ಬಾಬ್ ಮಾತ್ರ ಗ್ಯಾರೇಜು ತೆರೆದಿದ್ದ. ಆಗ ನನಗೊಂದು ಮಹಾ ಉಪಾಯ ಹೊಳೆಯಿತು. ಎದುರಿನ ಕೆಫೆಟೇರಿಯಾದಲ್ಲಿ ಪರೋಟ ಮಾಡುತ್ತಿದ್ದವರು ಬಂಟ್ವಾಳದ ಕಡೆಯ ಹಿರಿಯ ಬ್ಯಾರಿ, ನಮಗೆಲ್ಲ ಕಾಕ. ಅವರಲ್ಲಿ ಒಂದು ಉಂಡೆ ಮೈದಾಹಿಟ್ಟು ಬೇಡಿ ತಂದೆ. ಎಣ್ಣೆ ಹಚ್ಚಿದ ಹಿಟ್ಟು ಪಿಸ್ಟನ್ನಿಗೆ ಅಂಟಲೂ ಇಲ್ಲ. ತಿರುಗಿಸಿ, ಬಿಚ್ಚಿ, ಬ್ಲೇಡಿನಲ್ಲಿ ಕೊಯ್ದು ಅಳೆದೆ. ಮೂರು ಮಿಲಿಮೀಟರ್! ಅರ್ಬಾಬ್ ನನ್ನ ಬೆನ್ನು ತಟ್ಟಿ ಅಲ್ಲೇ ರಜೆಯ ಕಾಗದಕ್ಕೆ ಸಹಿ ಹಾಕಿದ. ಇನ್ನು ಹತ್ತು ದಿನಕ್ಕೆ ವಿಮಾನ. ಆ ಮಧ್ಯಾಹ್ನ ಕೋಣೆಯಲ್ಲಿ ಕೂತು, ಪ್ರತಿ ಶುಕ್ರವಾರದಂತೆ ಮನೆಗೆ ಕಳಿಸಲು ನನ್ನ ಮಾತನ್ನು ಕ್ಯಾಸೆಟ್ಟಿಗೆ ತುಂಬಿಸಿದೆ. ಅಪ್ಪ ಬರುತ್ತಿದ್ದಾನೆ ಎಂದು ಮಗಳಿಗೆ ನಾಲ್ಕು ಸಲ ಹೇಳಿದೆ.

ಸಂಜೆ, ಊರಿಗೆ ಕಳಿಸುವುದೇನಾದರೂ ಉಂಟಾ ಎಂದು ಕೇಳಲು ಕಾಕನ ಬಳಿ ಹೋದೆ. ಅವರು ಬೆಳಗಿನ ಹಿಟ್ಟು ಎಂತಕ್ಕೆ ಎಂದು ಕೇಳಿದರು. ಹೇಳಿದೆ. ಕಾಕ ಪರೋಟ ಬಡಿಯುವುದನ್ನು ನಿಲ್ಲಿಸಿದರು.

"ನಿನಗೆ ಮಂಡೆ ಸಮ ಉಂಟಾ ಮಾರಾಯ? ಒತ್ತಿದ ಹಾಗೆ ಕೂರ್ಲಿಕ್ಕೆ ಇದೆಂತ ಮಣ್ಣಾ? ಇಲ್ಲಿ ನೋಡು."

ಒಂದು ಉಂಡೆಯನ್ನು ಹೆಬ್ಬೆರಳಿನಿಂದ ಒತ್ತಿ ಬಿಟ್ಟರು. ಗುಳಿ ನನ್ನ ಕಣ್ಣೆದುರೇ ಮೆಲ್ಲಗೆ ಮೇಲೆದ್ದು ಬಂತು.

"ವಾಪಸ್ ಎದ್ದು ಬರ್ತದೆ ಅಂತಲೇ ನಾನು ಇದನ್ನು ದಿನಾ ಇಷ್ಟು ಬಡಿಯುವುದು," ಎಂದರು ಕಾಕ.

ಇಪ್ಪತ್ತು ವರ್ಷ ಪರೋಟ ತಿಂದವನಿಗೆ ಇದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಜೇಡಿಮಣ್ಣು ಕೊಂಡುತಂದು, ಯಾರಿಗೂ ಹೇಳದೆ ಮತ್ತೆ ಅಳೆದೆ. ಒಂದು ಮಿಲಿಮೀಟರ್ ಕೂಡ ಇರಲಿಲ್ಲ.

ಆ ಇಡೀ ದಿನ ನಾನು ಒಳ್ಳೆಯವನಾಗಿದ್ದೆ ಎಂದು ಬರೆಯಲು ಆಸೆ. ಆದರೆ ನಾನು ಲೆಕ್ಕ ಹಾಕುತ್ತಿದ್ದದ್ದು ಇದನ್ನು: ಇಂಜಿನ್ ಹೇಗೂ ಸ್ಟಾರ್ಟ್ ಆಗುತ್ತದೆ, ಚಂದ ನಡುಗುತ್ತದೆ. ವಾಲ್ವು ಬಡಿಯುವುದು ಅರ್ಬಾಬ್ ಜೋರಾಗಿ ತುಳಿದ ದಿನ. ಅಷ್ಟರಲ್ಲಿ ನಾನು ಮಗಳನ್ನು ಎತ್ತಿಕೊಂಡಿರುತ್ತೇನೆ. ಸಂಜೆ ಅರ್ಬಾಬ್ ತನ್ನ ಮೂವರು ಮಕ್ಕಳೊಂದಿಗೆ ಬಂದ. ಮೊದಲ ಸವಾರಿಗೆ ಅವರೂ ಹೊರಡುವವರಂತೆ. ಬೇಸಗೆಯ ಮಧ್ಯಾಹ್ನ ಆ ರಸ್ತೆಯಲ್ಲಿ ಕೆಟ್ಟು ನಿಂತ ಕಾರಿನೊಳಗೆ ಮೂರು ಮಕ್ಕಳು. ನನ್ನ ಬಾಯಿ ನನ್ನನ್ನು ಕೇಳದೆ ಎಲ್ಲವನ್ನೂ ಹೇಳಿಬಿಟ್ಟಿತು. ಹೇಳಿದ ಮೇಲೆ ನನ್ನ ಬಾಯಿಯ ಮೇಲೆಯೇ ಸಿಟ್ಟು ಬಂತು.

ವಾಲ್ವಿಗೆ ಜಾಗ ಬಿಟ್ಟು ತಲೆಯಲ್ಲಿ ಗುಳಿ ಕೊರೆದ ಬೇರೆ ಪಿಸ್ಟನ್ನುಗಳು ಅಮೆರಿಕದಿಂದ ಹಡಗಿನಲ್ಲಿ ಬರಬೇಕು. ಅರ್ಬಾಬ್ ಬೈಯಲಿಲ್ಲ. ಸಹಿ ಹಾಕಿದ ಕಾಗದ ವಾಪಸ್ ತೆಗೆದುಕೊಂಡು ಮಡಚಿ ಜೇಬಿಗೆ ಹಾಕಿದ.

"ಮಾಫಿ ಮುಶ್ಕಿಲ್. ಬೇಟಿ ಕಿದರ್ ಜಾಯೇಗಾ? ಉದರ್ ಹೀ ಹೈ," ಎಂದ. ತೊಂದರೆಯಿಲ್ಲ, ಮಗಳು ಎಲ್ಲಿಗೆ ಹೋಗುತ್ತಾಳೆ, ಅಲ್ಲೇ ಇರುತ್ತಾಳಲ್ಲ. ಅವನಿಗೆ ಅದು ಸಮಾಧಾನದ ಮಾತು. ನಾನು ಹೆಡ್ಡಿನ ಹಿಂದೆ ಬಗ್ಗಿ ಅತ್ತೆ.

ಪಿಸ್ಟನ್ನುಗಳು ಬಂದವು. ಕಾರು ಸೆಪ್ಟೆಂಬರಿನ ಬಿಸಿಲಲ್ಲಿ ಉಮ್ಮ್ ಸಲಾಲಿಗೆ ಹೋಗಿ, ಎಲ್ಲಿಯೂ ನಿಲ್ಲದೆ ವಾಪಸ್ ಬಂತು. ಅಣ್ಣ ಮನೆಯಲ್ಲಿರಲಿಲ್ಲವಂತೆ. ಆಮೇಲೆ ಅರ್ಬಾಬ್ ಆ ಅಪಾರ ಶಕ್ತಿಯನ್ನು ದಿನಾ ಬೆಳಿಗ್ಗೆ ರೊಟ್ಟಿ ತರಲು ಬಳಸಿದ, ಸೈಕಲ್ ವೇಗದಲ್ಲಿ, ಪೇಂಟಿಗೆ ಕಲ್ಲು ಸಿಡಿಯಬಾರದೆಂದು. ವಾಲ್ವು ಬಡಿಯುವಷ್ಟು ಜೋರಾಗಿ ಅವನು ಯಾವತ್ತೂ ತುಳಿಯಲಿಲ್ಲ.

ನಾನು ಅಕ್ಟೋಬರಿನಲ್ಲಿ ಮನೆ ಮುಟ್ಟಿದೆ. ಮಗಳು ಜಗಲಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದಳು. ಬ್ಯಾಗು ಇಳಿಸಿ ಅವಳ ಹೆಸರು ಹಿಡಿದು ಕರೆದೆ. ಸ್ವರದ ಗುರುತು ತಟ್ಟನೆ ಸಿಕ್ಕಿತು, ಮುಖ ಅರಳಿತು. ಮತ್ತೆ ತಿರುಗಿ ಒಳಗೆ ಓಡಿದಳು. ನಾನು ಹಿಂದೆಯೇ ಹೋದೆ. ಅವಳು ಕಪಾಟಿನ ಕೆಳಗೆ ನಿಂತು, ಮೇಲಿದ್ದ ಟೇಪ್ ರೆಕಾರ್ಡರಿಗೆ ಎರಡೂ ಕೈ ಚಾಚುತ್ತಿದ್ದಳು.