ಊದುಬತ್ತಿ ಹಚ್ಚಿದವಳು ನಾನು

ಶೈಲಾ, ಆ ಸಲ ನಮ್ಮ ಮನೆಯ ರೇಷ್ಮೆ ಹುಳುಗಳು ಸತ್ತದ್ದು ನಿನ್ನಿಂದಲ್ಲ. ನನ್ನಿಂದ. ಹುಳುಮನೆಯಲ್ಲಿ ಊದುಬತ್ತಿ ಹಚ್ಚಿದವಳು ನಾನು, ಬೆಳಿಗ್ಗೆ ಅದರ ಬೂದಿಯನ್ನು ಸೆರಗಿನಿಂದ ಒರೆಸಿದವಳು ನಾನು, ಆಮೇಲೆ ಅತ್ತೆಯ ಮುಂದೆ ನಿನ್ನ ಹೆಸರು ಹೇಳಿದವಳೂ ನಾನೇ. ಇಷ್ಟನ್ನು ಬರೆಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು.

ನಿನಗೊಬ್ಬಳಿಗೇ ಕಾಗದ ಹಾಕಬಹುದಿತ್ತು. ಆದರೆ ನಿನ್ನ ಮೇಲೆ ಅಪವಾದ ಬಂದದ್ದು ಬೀದಿಯವರೆಲ್ಲ ನಿಂತು ನೋಡುತ್ತಿದ್ದಾಗ. ಅದು ಹೋಗುವುದೂ ನಾಲ್ಕು ಜನರ ಮುಂದೆಯೇ ಆಗಬೇಕು. ಅದಕ್ಕೇ ನಮ್ಮ ಗುರುತಿಲ್ಲದವರಿಗೂ ತಿಳಿಯುವಂತೆ ಮೊದಲಿನಿಂದ ಹೇಳುತ್ತೇನೆ.

ನೀನು ನನ್ನ ವಾರಗಿತ್ತಿ, ನನ್ನ ಮೈದುನನ ಹೆಂಡತಿ. ನಗರಗೆರೆ ಕಡೆಯಿಂದ ಜಂಗಮಕೋಟೆ ಹತ್ತಿರದ ನಮ್ಮ ಮನೆಗೆ ಬಂದಾಗ ನೀನು ಡಿಗ್ರಿ ಮುಗಿಸಿದ್ದೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಮಧ್ಯಾಹ್ನ ಹುಳುಗಳಿಗೆ ಸೊಪ್ಪು ಕತ್ತರಿಸುತ್ತಾ ಕೂತಾಗ ನೀನು ನನಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಯಾರೂ ಹೇಳಿ ಮಾಡಿಸಿದ್ದಲ್ಲ. ‘ಬಸ್ಸಿನ ಬೋರ್ಡು, ಮಾತ್ರೆ ಚೀಟಿ ಓದೋಕಾದ್ರೂ ಬರ್ಬೇಕಲ್ಲಕ್ಕ’ ಎಂದು ನೀನೇ ಒಂದು ನೀಲಿ ರಟ್ಟಿನ ನೋಟ್‌ಪುಸ್ತಕ ತಂದಿದ್ದೆ. ನನ್ನನ್ನು ಅಷ್ಟು ಲಕ್ಷ್ಯವಿಟ್ಟು ಕೂರಿಸಿಕೊಂಡವರು ನನ್ನ ಜನ್ಮದಲ್ಲಿ ಬೇರೆ ಯಾರೂ ಇಲ್ಲ.

ಕೊನೆಯ ಪಾಠ ‘ಬ್ರೇಕ್’ ಎಂಬ ಮಾತಿನದು. ಕಡ್ಡಿ ಮುರಿದರೆ ಬ್ರೇಕ್, ಮಡಕೆ ಒಡೆದರೆ ಬ್ರೇಕ್, ದಾರ ಹರಿದರೆ ಬ್ರೇಕ್. ಕೊಟ್ಟ ಮಾತಿಗೆ ತಪ್ಪಿದರೂ ಅದೇ, ಕಾನೂನು ಮೀರಿದರೂ ಅದೇ, ಶಾಲೆಯಲ್ಲಿ ಮಕ್ಕಳನ್ನು ಆಟಕ್ಕೆ ಬಿಟ್ಟರೂ ಅದೇ. ನೀನು ಒಂದೊಂದಕ್ಕೂ ಅಂಕಿ ಹಾಕಿ ಬರೆಯುತ್ತಾ ಹೋದೆ. ನನಗೆ ನಗು.

‘ಎಲ್ಲದಕ್ಕೂ ಒಂದೇ ಮಾತಾ? ಪಾಪ ಕಣೇ, ಅನ್ನಕ್ಕೂ ಸಾರಿಗೂ ಒಂದೇ ಪಾತ್ರೆ ಇರೋರ ಮನೆ ಇದ್ದಂಗಿದೆ.’

‘ಇನ್ನೂ ಕೇಳಕ್ಕ. ರಾತ್ರಿಯೆಲ್ಲ ಉಪವಾಸ ಇರ್ತೀವಲ್ಲ, ಬೆಳಿಗ್ಗೆ ಅದನ್ನ ಮುರಿಯೋದಕ್ಕೇ ಬ್ರೇಕ್‌ಫಾಸ್ಟ್ ಅನ್ನೋದು.’

‘ಉಪವಾಸ ಮುರಿಯೋದಾ? ಬಿಡ್ತು ಅನ್ನು! ಉಪವಾಸ ಬಿಡೋದು ಅನ್ಬೇಕು. ಬಳೆಗೂ ಒಡೀತು ಅನ್ಬಾರ್ದು, ಹೆಚ್ಚಿತು ಅನ್ಬೇಕು.’

‘ಒಡೆದ ಬಳೆ ಎಲ್ಲಕ್ಕ ಹೆಚ್ಚುತ್ತೆ? ಚೂರು ಹೆಚ್ಚುತ್ತೆ, ಅಷ್ಟೇ.’

ಹತ್ತು ಬರೆದು, ಹನ್ನೊಂದು ಎಂದು ಅಂಕಿ ಹಾಕಿ, ಸೊಪ್ಪು ಹಾಕುವ ಹೊತ್ತಾಯಿತೆಂದು ನೀನು ಎದ್ದೆ. ಅದು ಗುರುವಾರ.

ಮರುದಿನ ನನ್ನ ಶುಕ್ರವಾರದ ವ್ರತ. ಹುಳು ಹಣ್ಣಾಗಿ ಗೂಡು ಕಟ್ಟಲು ಇನ್ನೆರಡು ದಿನ, ಮೂರು ದಿನ. ಮಧ್ಯಾಹ್ನದ ಸೊಪ್ಪು ಹಾಕುವ ಸರದಿ ನನ್ನದು. ನೈವೇದ್ಯ ಒಲೆಯ ಮೇಲಿತ್ತು. ‘ನೀನು ಹಾಕಿ ಬಾ’ ಎಂದು ನಿನಗೆ ಹೇಳಿದೆ. ನೀನು ಹತ್ತಿರ ಬಂದು ಮೆಲ್ಲಗೆ ‘ಅಕ್ಕ, ನಾನಿವತ್ತು ಹೊರಗೆ’ ಎಂದೆ. ಮುಟ್ಟಿನ ಹೆಂಗಸು ಹುಳುಮನೆಯ ಹೊಸ್ತಿಲು ದಾಟಬಾರದು ಎನ್ನುವುದು ನಮ್ಮ ಅತ್ತೆಯ ಕಟ್ಟಳೆ. ‘ಅದಕ್ಕೂ ಹುಳಕ್ಕೂ ಏನಕ್ಕ ಸಂಬಂಧ’ ಎಂದು ನೀನೇ ಎಷ್ಟೋ ಸಲ ಕೇಳಿದ್ದೆಯಾದರೂ ಮನೆಯ ಕಟ್ಟಳೆಯೆಂದು ಆವತ್ತಿನವರೆಗೂ ಮೀರಿದವಳಲ್ಲ. ನಾನು, ವ್ರತ ಹಿಡಿದ ನಾನು, ನನ್ನ ಕೆಲಸ ಸಾಗಲೆಂದು ‘ಪರವಾಗಿಲ್ಲ ಹೋಗೇ, ಯಾರಿಗೂ ಹೇಳಲ್ಲ’ ಎಂದೆ.

ಯಾರಿಗೂ ಹೇಳಲ್ಲ ಎಂದೆ. ಇದನ್ನು ನೆನಪಿಟ್ಟುಕೋ.

ಹುಳುಮನೆಯೊಳಗೆ ಹೊಗೆ ಕೂಡದು. ಬೀಡಿ ಸೇದಿ ಬಂದವರನ್ನೂ ಬಾಗಿಲಲ್ಲೇ ನಿಲ್ಲಿಸುತ್ತಿದ್ದೆವು. ಬಾಗಿಲ ಒಳಮಗ್ಗುಲ ಗೋಡೆಗೆ ಅಂಟಿಸಿದ್ದ ಲಕ್ಷ್ಮಿಯ ಪಟಕ್ಕೆ ಬರೀ ಕುಂಕುಮ, ಹೂವು. ಆ ಸಂಜೆ ನನಗೆ ಅಷ್ಟೇ ಸಾಲದು ಅನ್ನಿಸಿತು. ಬೆಳೆ ಚೆನ್ನಾಗಿ ಬಂದಿತ್ತು, ತಾಯಿಗೆ ಒಂದು ಊದುಬತ್ತಿಯೂ ಇಲ್ಲವೇ ಎಂದುಕೊಂಡೆ. ದೇವರ ಗೂಡಿನ ಪೊಟ್ಟಣ ಖಾಲಿ. ಕೊಟ್ಟಿಗೆಯಲ್ಲಿ ಹಸುಗಳಿಗೆ ಸೊಳ್ಳೆ ಕಾಟವೆಂದು ನಮ್ಮ ಯಜಮಾನರು ತಂದಿಟ್ಟಿದ್ದ ಸೊಳ್ಳೆಬತ್ತಿ ಕೈಗೆ ಸಿಕ್ಕಿತು. ಅದೂ ಊದುಬತ್ತಿಯ ಹಾಗೇ ಇತ್ತು, ಘಮವೂ ಇತ್ತು. ಎರಡು ಕಡ್ಡಿ ಹಚ್ಚಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಬಂದೆ.

ಗೊತ್ತಿರಲಿಲ್ಲ ಎಂದು ಹೇಳಲಾರೆ. ಹೊಗೆ ಕೂಡದು ಎಂದು ಗೊತ್ತಿತ್ತು. ಅದು ಸೊಳ್ಳೆ ಸಾಯಿಸುವ ಕಡ್ಡಿ ಎಂದೂ ಗೊತ್ತಿತ್ತು. ದೇವರ ಮುಂದೆ ಹಚ್ಚಿದ್ದು ಕೆಟ್ಟದ್ದು ಮಾಡೀತೇ ಎಂದು ನನಗೆ ನಾನೇ...

ಬೆಳಿಗ್ಗೆ ಬಾಗಿಲು ತೆಗೆದವಳೂ ನಾನೇ. ಹುಳುಗಳು ತಲೆ ಎತ್ತಿ ಎತ್ತಿ ಒದ್ದಾಡುತ್ತಿದ್ದವು. ಬಾಯಿಂದ ಹಸಿರು ನೀರು. ತಟ್ಟೆಯ ಅಂಚಿನಲ್ಲಿ ನೇತುಬಿದ್ದಿದ್ದವು, ಹಿಸುಕಿ ಬಿಟ್ಟ ಬತ್ತಿಗಳ ಹಾಗೆ. ಪಟದ ಕೆಳಗೆ ಎರಡು ಗೆರೆ ಬೂದಿ. ಮೊದಲು ಅದನ್ನು ಒರೆಸಿ, ಕಡ್ಡಿಯ ಬುಡಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೂಗಿದ್ದು ಆಮೇಲೆ.

ಅತ್ತೆ ಎದೆ ಬಡಿದುಕೊಂಡರು. ದುಃಖ ಬಂದರೆ ಅವರಿಗೆ ತವರಿನ ತೆಲುಗೇ ಬರುವುದು. ‘ಅಯ್ಯೋ ದೇವುಡಾ, ಅಂತಾ ಪೋಯಿಂದೇ!’ ಎಲ್ಲಾ ಹೋಯಿತೆಂದು ಗೋಳಾಡಿದರು. ಬೀದಿ ಸೇರಿತು. ‘ಯಾರೇ ಒಳಗೆ ಹೋಗಿದ್ದು? ಯಾರು?’

ನೀನು ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ.

‘ಶೈಲಾ ಹೊರಗಿದ್ಲು ಅತ್ತೆ. ಆದ್ರೂ ಒಳಗೆ ಹೋಗಿದ್ಲು.’

ಅದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಜೀವನದಲ್ಲಿ ಆಡಿಲ್ಲ.

ನೀನು ನನ್ನ ಮುಖ ನೋಡಿದೆ. ‘ಅಕ್ಕನೇ ಹೋಗು ಅಂದ್ರು’ ಎನ್ನಬಹುದಿತ್ತು. ಅನ್ನಲಿಲ್ಲ. ನಾನೇ ಹೇಳುತ್ತೇನೆಂದು ಕಾದೆಯೋ ಏನೋ. ಅತ್ತೆ ‘ಓದಿದೋಳಂತೆ ಓದಿದೋಳು! ಮನೇನೇ ಸುಟ್ಟುಬಿಟ್ಯಲ್ಲೇ’ ಎಂದು ಕೂಗುತ್ತಲೇ ಇದ್ದರು. ನಾನು ನೆಲ ನೋಡುತ್ತಾ ಸತ್ತ ಹುಳುಗಳನ್ನು ಮಂಕರಿಗೆ ತುಂಬಿದೆ.

ಅಲ್ಲಿಂದ ಮೂರು ತಿಂಗಳಿಗೆ ಒಲೆ ಎರಡಾಯಿತು. ಮಾತು ಬೆಳೆದು ಅಣ್ಣತಮ್ಮಂದಿರು ಎದುರಾಬದುರಾ ನಿಂತರು. ಮೈದುನ ನಿನ್ನನ್ನು ಕರೆದುಕೊಂಡು ಚಿಂತಾಮಣಿಯಲ್ಲಿ ಮನೆ ಮಾಡಿದ. ಹೋಗುವ ದಿನ ನೀನು ಆ ನೋಟ್‌ಪುಸ್ತಕಕ್ಕಾಗಿ ಕಪಾಟೆಲ್ಲ ಹುಡುಕಿದೆ. ನನ್ನ ಸೀರೆಗಳ ಅಡಿಯಲ್ಲಿತ್ತು. ಕೊಡಲಿಲ್ಲ. ಏಕೆಂದು ಇವತ್ತಿಗೂ ನನಗೆ...

ದಿನಾ ಸಂಜೆ ದೀಪ ಹಚ್ಚಿ, ದೇವರು ಆ ದಿನ ಕೊಟ್ಟ ಸಣ್ಣಪುಟ್ಟ ಕರುಣೆಗಳನ್ನು ಬೆರಳಲ್ಲಿ ಎಣಿಸುವುದು ನನ್ನ ಅಭ್ಯಾಸ. ಹಾಲು ಒಡೆಯಲಿಲ್ಲ, ಮಗಳ ಜ್ವರ ಇಳಿಯಿತು, ಹೊತ್ತಿಗೆ ನಲ್ಲಿಯಲ್ಲಿ ನೀರು ಬಂತು — ಹೀಗೆ. ಹುಳು ಸತ್ತ ದಿನದ ಸಂಜೆಯೂ ಎಣಿಸಿದೆ, ಶೈಲಾ. ಮೊದಲ ಬೆರಳಿಗೆ: ಅತ್ತೆ ನನ್ನನ್ನು ಏನೂ ಕೇಳಲಿಲ್ಲ. ಅದನ್ನೂ ಕರುಣೆಯೆಂದು ಎಣಿಸಿ ಕೈ ಮುಗಿದೆ. ಮಾಡಿದ ತಪ್ಪಿಗಿಂತ ಆ ಒಂದು ಬೆರಳು ನನ್ನನ್ನು ಹೆಚ್ಚು ಸುಡುತ್ತದೆ.

ಆಮೇಲಿನ ವರ್ಷಗಳಲ್ಲಿ ಮಾತುಗಳನ್ನು ಹುಡುಕಿಕೊಂಡೆ. ‘ಆಗೋದು ಆಯ್ತು’ ಅಂದೆ. ‘ಅವರವರ ಋಣ’ ಅಂದೆ. ‘ಬೇರೆ ಇದ್ದರೇ ಪ್ರೀತಿ’ ಎಂದು ನೆಂಟರ ಮುಂದೆ ನಕ್ಕೂ ನಕ್ಕೆ. ಒಡೆದ ಬಳೆಗೆ ಹೆಚ್ಚಿತು ಎನ್ನುವವಳಲ್ಲವೇ ನಾನು? ನಿನ್ನ ಪುಟ ತೆಗೆದು ನೋಡಿದರೆ ಅಲ್ಲಿ ಅಂಥ ನಯದ ಮಾತು ಒಂದೂ ಇರಲಿಲ್ಲ. ಬಳೆಗೂ ಅದೇ, ಕೊಟ್ಟ ಮಾತಿಗೂ ಅದೇ. ಬಡವರ ಮನೆಯ ಪಾತ್ರೆ ಎಂದು ನಕ್ಕಿದ್ದೆ. ಆ ಪಾತ್ರೆಯಲ್ಲಿ ಏನನ್ನೂ ಮುಚ್ಚಿಡಲು ನನಗೆ ಆಗಲಿಲ್ಲ.

ಆದರೂ ಬಾಯಿ ಬಿಡಲಿಲ್ಲ. ಬಿಡುತ್ತಲೂ ಇರಲಿಲ್ಲವೇನೋ, ಈ ರಜೆಯಲ್ಲಿ, ಈಗಷ್ಟೇ ದೊಡ್ಡವಳಾದ ನಿನ್ನ ಮಗಳು ಹರ್ಷಿತಾ ನಮ್ಮ ಮನೆಗೆ ಬಾರದಿದ್ದರೆ. ಹುಳು ನೋಡಬೇಕೆಂದು ಕುಣಿಯುತ್ತಾ ಹೋದ ಮಗುವನ್ನು ಅತ್ತೆ ಹೊಸ್ತಿಲಲ್ಲೇ ತಡೆದರು. ‘ತಡಿಯಮ್ಮ, ಸರಿಯಿದೀಯ ತಾನೆ? ನಿಮ್ಮಮ್ಮನ ಹಂಗೆ ಮಾಡ್ಬೇಡ.’

ಮಗು ನೇರ ಅಡುಗೆಮನೆಗೆ ಬಂತು. ‘ದೊಡ್ಡಮ್ಮ, ನಮ್ಮಮ್ಮ ಏನ್ ಮಾಡಿದ್ರು?’

‘ಏನೂ ಇಲ್ಲ ಕಂದ, ಹಳೇ ಮಾತು’ ಎಂದೆ. ಹದಿನಾಲ್ಕು ವರ್ಷದ ಮೇಲೂ ಅಷ್ಟೇ ಸಲೀಸಾಗಿ ಬಂತು.

ಅವಳು ಹೋಗಲಿಲ್ಲ. ‘ಅಮ್ಮ ಆ ದಿನಗಳಲ್ಲಿ ತುಳಸಿ ಗಿಡದ ಹತ್ರಾನೂ ಹೋಗಲ್ಲ ದೊಡ್ಡಮ್ಮ. ಉಪ್ಪಿನಕಾಯಿ ಮುಟ್ಟಲ್ಲ. ನನ್ನೂ ಬಿಡಲ್ಲ. ಕೇಳಿದ್ರೆ, ನಾನೂ ನಿನ್ನಂಗೇ ನಗ್ತಿದ್ದೆ, ಒಂದ್ಸಲ ನನ್ನಿಂದ ತುಂಬಾ ಜೀವ ಹೋಯ್ತು ಅಂತಾರೆ.’

ಶೈಲಾ. ನೀನು ನಂಬಿಬಿಟ್ಟೆಯಾ? ಚೂರು ಹೆಚ್ಚುತ್ತೆ ಎಂದು ನಕ್ಕವಳು ನೀನು. ನಿನ್ನ ಮನೆ ತಪ್ಪಿಸಿದೆ, ಹೆಸರು ಕೆಡಿಸಿದೆ — ಇಷ್ಟೇ ಎಂದುಕೊಂಡಿದ್ದೆ ಇದುವರೆಗೆ. ನಿನ್ನ ತಲೆಯನ್ನೇ ಬಗ್ಗಿಸಿದ್ದೇನೆ, ಈಗ ನಿನ್ನ ಮಗಳದ್ದನ್ನೂ... ಆ ದಿನ ಒಲೆಯ ಮೇಲಿನ ಸಾರು ಸೀದದ್ದೂ ತಿಳಿಯಲಿಲ್ಲ.

ನಿನ್ನೆ ಅತ್ತೆಗೆ ಹೇಳಿದೆ. ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಪಕ್ಕದಲ್ಲಿ ಕೂತು ಕಡ್ಡಿ, ಬೂದಿ, ‘ಪರವಾಗಿಲ್ಲ ಹೋಗೇ’ ಎಂದದ್ದು, ಒಂದನ್ನೂ ಬಿಡದೆ ಹೇಳಿದೆ. ಬೈಯುತ್ತಾರೆಂದು ಕಾದೆ. ಮಡಿಲ ತುಂಬ ಇದ್ದ ಕಾಯಿಯನ್ನೆಲ್ಲ ಸುಲಿದು ಮುಗಿಸಿದರು. ಆಮೇಲೆ, ‘ಆಗ್ಲೇ ಹೇಳಿದ್ರೆ ಒಂದು ಬೆಳೆ ಹೋಗ್ತಿತ್ತು, ಅಷ್ಟೇ. ಇನ್ನೊಂದು ಬೆಳೆ ಮಾಡ್ಕೋತಿದ್ವಿ’ ಎಂದರು. ‘ಆ ಹುಡುಗೀನ ನಾನು ಎಷ್ಟೆಲ್ಲ ಅಂದೆ’ ಎಂದು ಸಿಪ್ಪೆಯನ್ನೇ ನೋಡುತ್ತಾ ಕೂತರು. ಅವರ ಪಾಲಿನ ಪಾಪವೂ ನನ್ನದೇ. ನಾನು ಆಡಿಸಿದ ಮಾತುಗಳವು.

ಭಾನುವಾರ ಬೆಳಗಿನ ಬಸ್ಸಿಗೆ ಚಿಂತಾಮಣಿಗೆ ಬರುತ್ತೇನೆ. ನೋಟ್‌ಪುಸ್ತಕ ತರುತ್ತೇನೆ, ಅದು ನಿನ್ನದು. ಹನ್ನೊಂದನೆಯದು ಖಾಲಿಯೇ ಇದೆ, ತುಂಬು ಎಂದು ಕೇಳುವ ಮುಖ ನನಗಿಲ್ಲ. ಬಾಗಿಲು ತೆಗೆಯುವುದು, ಬಿಡುವುದು ನಿನ್ನ ಇಷ್ಟ. ತೆಗೆಯದಿದ್ದರೆ ಮೆಟ್ಟಿಲ ಮೇಲಿಟ್ಟು ಹೋಗುತ್ತೇನೆ. ಕ್ಷಮಿಸು ಎಂದೂ ಬರೆಯುವುದಿಲ್ಲ. ಅದೂ ನಿನ್ನಿಂದ ಇನ್ನೊಂದು ಕೆಲಸ ಮಾಡಿಸಿಕೊಂಡ ಹಾಗಾಗುತ್ತದೆ.

ಭಾನುವಾರವೇ ಏಕೆಂದರೆ ಆವತ್ತು ಹರ್ಷಿತಾ ಮನೆಯಲ್ಲಿರುತ್ತಾಳೆ. ಬೀದಿಯಲ್ಲಿ ನಿಂತಾದರೂ ಸರಿ, ಅವಳು ಕೇಳಿದ್ದಕ್ಕೆ ಉತ್ತರ ಹೇಳಿಯೇ ಬರುತ್ತೇನೆ. ನಿಮ್ಮಮ್ಮ ಏನು ಮಾಡಿದರು ಎಂದು ಕೇಳಿದೆಯಲ್ಲ ಕಂದ — ಹುಳುಗಳಿಗೆ ಸೊಪ್ಪು ಹಾಕಿದರು. ನಾನು ಹಾಕು ಅಂದಿದ್ದಕ್ಕೆ ಹಾಕಿದರು.