ಬೆನ್ನು ನೆಲಕ್ಕೆ ಹತ್ತಿದ ಮೇಲೆ

ಪರಶುರಾಮನ ಮೊಣಕೈಯಿಂದ ಬಂದ ಸಪ್ಪಳ ನನಗೆ ನಿಜಕ್ಕೂ ಕೇಳಿಸಿತೋ, ಆಮೇಲೆ ನಾನೇ ಕಲ್ಪಿಸಿಕೊಂಡೆನೋ, ಖಚಿತವಾಗಿ ಹೇಳಲಾರೆ. ಹಸಿ ಕಡ್ಡಿ ಮುರಿದಂತಿತ್ತು ಎಂದು ಡೈರಿಯಲ್ಲಿ ಒಂದು ಕಡೆ ಬರೆದಿದ್ದೇನೆ. ಎರಡು ಪುಟದ ನಂತರ, ಸಪ್ಪಳವೇ ಇರಲಿಲ್ಲ ಎಂದಿದೆ. ಅವನು ಕೂಗಲಿಲ್ಲ ಎಂಬುದು ಮಾತ್ರ ಎರಡೂ ಕಡೆ ಇದೆ. ಮ್ಯಾಟಿನ ಮೇಲೆ ಬಿದ್ದಲ್ಲಿಂದಲೇ ನನ್ನನ್ನು ನೋಡಿದ. ಆ ನೋಟದಲ್ಲಿ ಸಿಟ್ಟಿಗಿಂತ ಅಚ್ಚರಿ ಹೆಚ್ಚಿತ್ತು. "ಸರ, ಮುಗದಿತ್ತಲ್ರಿ?" ಎಂದ.

ನಾನು ಕೋಲಾರದವನು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಲು ಬೆಳಗಾವಿಗೆ ಬಂದು ಎರಡು ವರ್ಷವಾಯಿತು. ಹಿಂದವಾಡಿಯಲ್ಲಿ ಮಹಡಿ ಮೇಲಿನ ಒಂದು ಕೋಣೆ ನನ್ನದು. ನಮ್ಮಲ್ಲಿ ಮುದ್ದೆಯನ್ನು ಸದ್ದಿಲ್ಲದೆ ನುಂಗುತ್ತೇವೆ. ಇಲ್ಲಿ ಖಡಕ್ ರೊಟ್ಟಿ ಕಡಿಯುವಾಗ ಆಗುವ ಸದ್ದಿಗೆ ಮೊದಮೊದಲು ನಾಚಿಕೆಯಾಗುತ್ತಿತ್ತು. ನಮ್ಮ ಕನ್ನಡದೊಳಗೆ ತೆಲುಗು ಬೆರೆತಿರುವಂತೆ ಇಲ್ಲಿಯವರ ಕನ್ನಡದಲ್ಲಿ ಮರಾಠಿ ಬೆರೆತಿದೆ. ಹಾಗಾಗಿ ಭಾಷೆ ಅಷ್ಟು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಂಜೆಗಳು. ಮಾತಾಡಲು ಯಾರೂ ಇರಲಿಲ್ಲ.

ಹಾಗಿದ್ದಾಗ ಉದ್ಯಮಬಾಗದ ಶೆಡ್ಡೊಂದರಲ್ಲಿ ಜೂಡೊ ಮತ್ತು ಬ್ರೆಜಿಲಿಯನ್ ಜಿಯು-ಜಿಟ್ಸು ಕಲಿಸುತ್ತಾರೆಂದು ಗೊತ್ತಾಯಿತು. ಎರಡೂ ನನಗೆ ಓದುವ ದಿನಗಳಿಂದ ಅಂಟಿದ ಗೀಳು. ಜೂಡೊದಲ್ಲಿ ಎದುರಾಳಿಯನ್ನು ಬೆನ್ನು ನೆಲಕ್ಕೆ ಹತ್ತುವಂತೆ ಚೊಕ್ಕವಾಗಿ ಎಸೆದರೆ ಆಟ ಮುಗಿಯಿತು. ಜಿಯು-ಜಿಟ್ಸುವಿನಲ್ಲಿ ಬಿದ್ದ ಮೇಲೆಯೇ ಆಟ. ಕೈ, ಕಾಲು, ಕುತ್ತಿಗೆ ಏನಾದರೂ ಸಿಕ್ಕಿಬಿದ್ದವನು ಅಂಗೈಯಿಂದ ಎರಡು ಸಲ ತಟ್ಟುತ್ತಾನೆ, ಹಿಡಿದವನು ಬಿಡುತ್ತಾನೆ. ದೇವರನ್ನು ನಂಬದ ನಾನು ಆ ಎರಡು ತಟ್ಟುಗಳನ್ನು ಪೂರ್ತಿ ನಂಬಿದ್ದೆ. ವಾರಕ್ಕೆ ಐದು ದಿನ ಹೋಗುತ್ತಿದ್ದೆ. ಈ ಊರಿನಲ್ಲಿ ಯಾರಾದರೂ ನನ್ನ ದಾರಿ ನೋಡುವ ಜಾಗವೆಂದರೆ ಅದೊಂದೇ.

ಪರಶುರಾಮ ಪಕ್ಕದ ಫೌಂಡ್ರಿಯಲ್ಲಿ ಅಚ್ಚಿನ ಕೆಲಸ ಮಾಡುವವನು. ಖಾನಾಪುರದ ಕಡೆಯವನು, ಮಣ್ಣಿನ ಕುಸ್ತಿ ಆಡಿ ಬೆಳೆದವನು. ತಿಂಗಳೊಪ್ಪತ್ತಿನಲ್ಲಿ ಊರಲ್ಲಿ ಅವನ ಕುಸ್ತಿ ಇತ್ತು. ಹೊಸ ಪಟ್ಟು ಸಿಕ್ಕೀತೆಂದು ನಮ್ಮಲ್ಲಿಗೆ ಬರತೊಡಗಿದ. ಬಂದ ಎರಡು ವಾರ ದಿನವೂ ನನ್ನನ್ನು ಮೂಟೆಯಂತೆ ಎತ್ತಿ ಒಗೆದ. "ಸರ, ಊಟ ಮಾಡಿ ಬರ್ರಿ ನಾಳೆ, ಗಾಳಿಗೆ ಹಾರತೀರಿ" ಎಂದು ನಗುತ್ತಿದ್ದ.

ಅಂದು ಕೋಚ್ ಅಣ್ಣಪ್ಪ ಸರ್ ಇರಲಿಲ್ಲ. ಶೆಡ್ಡಿನಲ್ಲಿದ್ದವರು ನಾವು ನಾಲ್ಕು ಜನ. ಮೊದಲ ಬಾರಿಗೆ ನಾನು ಅವನನ್ನು ಎಸೆದೆ. ಅವನ ಬೆನ್ನು ಪೂರ್ತಿ ನೆಲಕ್ಕೆ ಹತ್ತಿತು. ಆ ಖುಷಿಯಲ್ಲಿ ಅವನ ತೋಳನ್ನು ಕಾಲುಗಳ ನಡುವೆ ಸಿಕ್ಕಿಸಿ, ಮೊಣಕೈ ಹಿಂದಕ್ಕೆ ಬಾಗುವಂತೆ ಎಳೆದೆ. ತಟ್ಟುತ್ತಾನೆಂದು ಕಾದೆ. ತೋಳಿನಲ್ಲಿ ಬಿಗಿಯೇ ಇರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಅನ್ನಿಸಿತ್ತೇ, ತಿಳಿಯದು.

ಮೂರು ತಿಂಗಳು ಭಾರ ಎತ್ತಬಾರದು ಎಂದರು ಡಾಕ್ಟರು. ಕುಸ್ತಿ ಹೋಯಿತು. ಅಚ್ಚಿನ ಕೆಲಸಕ್ಕೂ ಬೇರೆಯವರು ಬಂದರು.

ಪೆಟ್ಟಾದ ಮರುದಿನ ಅಣ್ಣಪ್ಪ ಸರ್ ನನ್ನನ್ನು ಕೂರಿಸಿಕೊಂಡರು.

"ತಟ್ಟಿದ್ನೇನ್ರಿ ಅಂವಾ?"

"ಇಲ್ಲ ಸರ್."

"ವಾಟ್ಸಾಪ್ ಗ್ರೂಪಿನ್ಯಾಗ ನಾ ಹಾಕಿದ್ದು ನೋಡಿದ್ರೇನು? ಖರೇ ಹೇಳ್ರಿ. ನೋಡಿ ಮಾಡಿದ್ರ ನಿಮ್ಮನ್ನ ಮತ್ತ ಮ್ಯಾಟಿನ ಮ್ಯಾಲ ಬಿಡಾಕ ಆಗೂದಿಲ್ಲ."

"ನೋಡಿಲ್ಲ ಸರ್."

ಸುಳ್ಳು ಹೇಳುತ್ತಿದ್ದೇನೆಂದು ನನಗೆ ಕಿಂಚಿತ್ತೂ ಅನ್ನಿಸಲಿಲ್ಲ. ಅವರು "ಆತು, ನಾಳೆ ಬರ್ರಿ" ಎಂದರು.

ಮುಂದಿನ ಭಾನುವಾರ ಕ್ಷಮೆ ಕೇಳಲು ಖಾನಾಪುರಕ್ಕೆ ಹೋದೆ. ಪರಶುರಾಮ ತೋಳಿಗೆ ಪಟ್ಟಿ ಕಟ್ಟಿಕೊಂಡು ತಾಲೀಮಿನಲ್ಲಿ, ಅಂದರೆ ಗರಡಿಯಲ್ಲಿ, ಕುಳಿತಿದ್ದ. ಕೆಂಪು ಮಣ್ಣಿಗೆ ಎಣ್ಣೆ, ಮಜ್ಜಿಗೆ ಬೆರೆಸಿದ ವಾಸನೆ. ಕಲಿಸುವ ಮುದುಕರನ್ನು ಎಲ್ಲರೂ ವಸ್ತಾದ ಎನ್ನುತ್ತಿದ್ದರು. ಅವರು ಒಬ್ಬರಿಗೆ ಮರಾಠಿಯಲ್ಲಿ ಬೈದು, ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು.

"ಕೈ ಮುರದ ಸರ ಇವರ ಏನು?"

"ಹೌದ್ರಿ, ಅವರ," ಎಂದ ಪರಶುರಾಮ.

"ಕುಂದರ್ರಿ. ಚಾ ಕುಡೀರಿ."

ಮಣ್ಣಿನಲ್ಲಿ ಇಬ್ಬರು ಸೆಣಸುತ್ತಿದ್ದರು. ಒಬ್ಬನ ಬೆನ್ನು ನೆಲ ಮುಟ್ಟಿದ್ದೇ ತಡ, ಮೇಲಿದ್ದವನ ಹಿಡಿತ ಸಡಿಲಾಯಿತು. ಕೆಳಗಿದ್ದವನೂ ಮೈ ಬಿಟ್ಟ. ಮೇಲಿದ್ದವನು ಕೈ ಕೊಟ್ಟು ಎಬ್ಬಿಸಿದ. ಯಾರೂ ತಟ್ಟಲಿಲ್ಲ. ತಟ್ಟುವ ಪದ್ಧತಿಯೇ ಅಲ್ಲಿರಲಿಲ್ಲ. ನಾನು ಚಹಾದ ಲೋಟವನ್ನು ಕೆಳಗಿಟ್ಟೆ.

"ನೀವು ಎಬ್ಬಸ್ತೀರಿ ಅಂತ ಕೈ ಕೊಟ್ಟಿದ್ನಿರಿ ಸರ," ಎಂದ ಪರಶುರಾಮ, ಮೆಲ್ಲಗೆ.

"ಬಿದ್ದಮ್ಯಾಲ ಎಂಥಾ ಕುಸ್ತಿರಿ? ಬಿದ್ದಮ್ಯಾಲ ಜಳಕ, ಊಟ," ಎಂದರು ವಸ್ತಾದ. ಎಲ್ಲರೂ ನಕ್ಕರು. ಪರಶುರಾಮನೂ ನಕ್ಕ. ನನ್ನನ್ನು ಊಟಕ್ಕೆ ನಿಲ್ಲಿಸಿಕೊಂಡು ರೊಟ್ಟಿಯನ್ನು ಎಡಗೈಯಲ್ಲೇ ಬಡಿಸಿದ.

ಕೋಲಾರಕ್ಕೆ ಹೋದರೆ ಊರಿನವರು "ನಿಮ್ಮ ಬೆಳಗಾವಿ ಹೇಗಿದೆ?" ಎಂದು ಕೇಳುತ್ತಾರೆ. ಇಲ್ಲಿ ನಾನಿನ್ನೂ ಕೋಲಾರದ ಸರ. ಶೆಡ್ಡಿನಲ್ಲಿ ಮಾತ್ರ ನಾನು ಅಲ್ಲಿಯವನೇ, ಅದೂ "ನೋಡಿಲ್ಲ" ಎಂಬ ಒಂದು ಮಾತಿನ ಬಲದ ಮೇಲೆ.

ಖಾನಾಪುರದಿಂದ ಬರುವಾಗ ಬಸ್ಸಿನಲ್ಲಿ ಗ್ರೂಪಿನ ಹಳೆಯ ಸಂದೇಶಗಳನ್ನು ತೆಗೆದೆ. ಪರಶುರಾಮನಿಗೆ ಪೆಟ್ಟಾದ ದಿನ ಮಧ್ಯಾಹ್ನ ಅಣ್ಣಪ್ಪ ಸರ್ ಹಾಕಿದ್ದರು: "ಇವತ್ತ ನಾ ಇರೂದಿಲ್ಲ. ಬರೇ ಜೂಡೊ. ಪರಶುರಾಮ ಕುಸ್ತಿಯಂವ, ಬೆನ್ನ ಹತ್ತಿದ ಕೂಡಲೆ ಬಿಡ್ರಿ." ಅದರ ಕೆಳಗೆ ಒಂದೇ ಒಂದು ಉತ್ತರವಿತ್ತು: "ಆಯ್ತು ಸರ್." ಕಳಿಸಿದವನು ನಾನು.